ಹಿಮಪಾದುಕೆ ಮೆಟ್ಟಿ ನಡೆದ ಎರಡು ದಿನ

ಮಲೆನಾಡಿನವರ ಮಾತಿನಲ್ಲಿ ಮಳೆಗೆ ಇರುವಷ್ಟು ಹೆಸರುಗಳು ಬೇರಾವುದಕ್ಕೂ ಇಲ್ಲ. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ ಎಂದು ನಕ್ಷತ್ರದ ಲೆಕ್ಕದಲ್ಲಿ ಅದನ್ನು ಗುರುತಿಸುತ್ತೇವೆ. ಸೋನೆ ಯಾವುದು, ಜಡಿ ಯಾವುದು, ಹನಿ ಕಡಿಯದೆ ಸುರಿಯುವುದು ಯಾವುದು ಎಂದು ಹೆಂಚಿನ ಮೇಲಿನ ಸದ್ದಿನಿಂದಲೇ ಹೇಳುತ್ತೇವೆ. ಹಿಮದ ವಿಷಯಕ್ಕೆ ಬಂದಾಗ ಮಾತ್ರ ನಾವು ಬಡವರು. ಬೆಳಗಿನ ಜಾವ ಗದ್ದೆಬಯಲನ್ನು ಮುಚ್ಚುವುದೂ ಮಂಜು, ಶೀತಪೆಟ್ಟಿಗೆಯಲ್ಲಿ ಹೆಪ್ಪುಗಟ್ಟುವುದೂ ಮಂಜು, ಹಿಮಾಲಯದ ನೆತ್ತಿಯ ಮೇಲಿರುವುದೂ ಮಂಜು. ಕಾಣದ ವಸ್ತುವಿಗೆ ಹೆಸರೇಕೆ ಬೇಕು, ಅಲ್ಲವೆ?

ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಕಲಿಸಿದ ನಾನು ನೀರಿನ ಮೂರು ಅವಸ್ಥೆಗಳನ್ನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದವಳು. ಅವುಗಳಲ್ಲೊಂದರ ಮೇಲೆ ನನ್ನ ಕಾಲಿನಿಂದಲೇ ನಡೆಯುವ ಯೋಗ ಕೂಡಿಬಂದದ್ದು ನಿವೃತ್ತಿಯ ನಂತರ, ಅರವತ್ತಾರನೆಯ ವಯಸ್ಸಿನಲ್ಲಿ. ಈಚೆಗೆ ಮದುವೆಮನೆಯೊಂದರಲ್ಲಿ ಸಿಕ್ಕ ಹಳೆಯ ವಿದ್ಯಾರ್ಥಿಯೊಬ್ಬ, "ಮೇಡಂ, ನೀವು ಅಮೆರಿಕದಲ್ಲಿ ಹಿಮದ ಬೆಟ್ಟ ಹತ್ತಿದ್ದೀರಂತೆ, ಹೌದೆ?" ಎಂದು ಕೇಳಿದ. ಹತ್ತಿದ್ದಕ್ಕಿಂತ ಹತ್ತದೆ ಹಿಂದಿರುಗಿದ್ದೇ ದೊಡ್ಡ ಸಂಗತಿ ಎಂದು ಅವನಿಗೆ ಉತ್ತರಿಸಿದೆ. ಊಟದ ಪಂಕ್ತಿಗೆ ಕರೆ ಬಂದದ್ದರಿಂದ ಮಾತು ಅಲ್ಲಿಗೇ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಗಳ ಸಂಸಾರ ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಎಂಬ ಊರಿನಲ್ಲಿ. ಅಲ್ಲಿ ಹಿಮ ಬೀಳುವುದಿಲ್ಲ. ಆದರೆ ಈಶಾನ್ಯ ದಿಕ್ಕಿನಲ್ಲಿ ಸುಮಾರು ನಾಲ್ಕು ಗಂಟೆ ಕಾರಿನಲ್ಲಿ ಹೋದರೆ ಸಿಯೆರ್ರಾ ನೆವಾಡಾ ಪರ್ವತಶ್ರೇಣಿ ಎದುರಾಗುತ್ತದೆ. ಸ್ಪ್ಯಾನಿಷ್ ಭಾಷೆಯ ಈ ಹೆಸರಿಗೆ 'ಹಿಮ ಹೊದ್ದ ಪರ್ವತಸಾಲು' ಎಂದೇ ಅರ್ಥ. ಹಿಮಕ್ಕೆ ಆಲಯವೆಂದು ನಮ್ಮವರು ಹೆಸರಿಟ್ಟರು, ಹಿಮವನ್ನು ಹೊದ್ದದ್ದೆಂದು ಅವರು ಹೆಸರಿಟ್ಟರು. ಕೆಲವು ವರ್ಷಗಳ ಹಿಂದೆ ಒಂದು ಫೆಬ್ರವರಿಯಲ್ಲಿ ನಾನು ಅಲ್ಲಿದ್ದಾಗ ಮಗಳು, ಅಳಿಯಂದಿರು, ಎಂಟನೆಯ ತರಗತಿಯ ಮೊಮ್ಮಗಳು, ಮಗಳ ಸಹೋದ್ಯೋಗಿಯೊಬ್ಬರು ಮತ್ತು ನಾನು ಅತ್ತ ಹೊರಟೆವು. ಆ ಸಹೋದ್ಯೋಗಿ ಅದೇ ಪರ್ವತದ ತಪ್ಪಲಿನಲ್ಲಿ ಹುಟ್ಟಿ ಬೆಳೆದ ಹೆಂಗಸು, ವಯಸ್ಸು ಐವತ್ತರ ಆಸುಪಾಸು, ಮಾತು ಕಡಿಮೆ. ನಮ್ಮ ನಡಿಗೆಗೆ ಅವರೇ ಮುಂದಾಳು.

ಹೊರಡುವ ಮುನ್ನಾದಿನ ಆಕೆ ನಮ್ಮ ಮನೆಗೆ ಬಂದು ನನ್ನ ಬಟ್ಟೆಗಳನ್ನು ಪರೀಕ್ಷಿಸಿದರು. ಹತ್ತಿಯ ಬಟ್ಟೆ ಒಂದೂ ಕೂಡದು ಎಂಬುದು ಅವರ ಮೊದಲ ಆಜ್ಞೆ. ಹತ್ತಿ ಬೆವರನ್ನು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ನಡೆಯುವುದನ್ನು ನಿಲ್ಲಿಸಿದೊಡನೆ ಆ ತೇವವೇ ಮೈಯ ಶಾಖವನ್ನು ಹೀರುತ್ತದೆ. ಉಣ್ಣೆ ನೆನೆದರೂ ಬೆಚ್ಚಗಿಡುತ್ತದೆ. ಇದನ್ನು ಕೇಳಿ ನನಗೆ ನಗು ಬಂತು. ಜಡಿಮಳೆಯಲ್ಲಿ ನೆಟ್ಟಿ ಮಾಡುವವರು ಕಂಬಳಿಯ ಕೊಪ್ಪೆಯನ್ನೇ ಏಕೆ ಹೊದೆಯುತ್ತಿದ್ದರು ಎಂಬುದಕ್ಕೆ ಇದಕ್ಕಿಂತ ಬೇರೆ ವಿವರಣೆ ಬೇಕೆ? ಅಂತೂ ಜೀವಮಾನದಲ್ಲಿ ಮೊದಲ ಸಲ ಸೀರೆ ಬಿಟ್ಟು ಷರಾಯಿ ತೊಟ್ಟೆ. ಮೊಮ್ಮಗಳು ತೆಗೆದ ಆ ಫೋಟೊವನ್ನು ಯಾರಿಗೂ ತೋರಿಸಕೂಡದೆಂದು ಕಟ್ಟಪ್ಪಣೆ ಮಾಡಿದ್ದೇನೆ.

ಘಟ್ಟದ ದಾರಿಯಲ್ಲಿ ಕಾರಿನ ಚಕ್ರಗಳಿಗೆ ಕಬ್ಬಿಣದ ಸರಪಳಿ ಸುತ್ತಬೇಕಾಯಿತು. ಟ್ರಕೀ ಎಂಬ ಪುಟ್ಟ ಊರಿನ ಅಂಗಡಿಯೊಂದರಲ್ಲಿ ಹಿಮಪಾದುಕೆಗಳನ್ನು ಬಾಡಿಗೆಗೆ ಪಡೆದೆವು. ಸ್ನೋಶೂ ಎಂದು ಅವರು ಕರೆಯುವುದನ್ನು ನಾನು ಹಿಮಪಾದುಕೆ ಎಂದೇ ಕರೆಯುತ್ತೇನೆ. ಹಿಂದೆ ಬಾಗಿಸಿದ ಮರದ ಚೌಕಟ್ಟಿಗೆ ಹಸಿ ತೊಗಲಿನ ಪಟ್ಟಿಗಳನ್ನು ಜಾಳಿಗೆಯಂತೆ ಹೆಣೆದು ಇದನ್ನು ಮಾಡುತ್ತಿದ್ದರಂತೆ. ನಮಗೆ ಸಿಕ್ಕವು ಅಲ್ಯೂಮಿನಿಯಮ್ ಚೌಕಟ್ಟಿಗೆ ಗಟ್ಟಿ ಪ್ಲಾಸ್ಟಿಕ್ ಹಾಳೆ ಬಿಗಿದಂಥವು. ಅಡಿಯಲ್ಲಿ ಉಕ್ಕಿನ ಹಲ್ಲುಗಳು, ಮೇಲೆ ನಮ್ಮ ಬೂಟನ್ನು ಬಂಧಿಸುವ ಪಟ್ಟಿಗಳು. ಬೂಟಿನ ಮುಂಭಾಗವನ್ನು ಮಾತ್ರ ಕಟ್ಟುತ್ತಾರೆ, ಹಿಮ್ಮಡಿ ಬಿಡುಬೀಸಾಗಿ ಏಳುತ್ತದೆ. ಕೈಗಳಿಗೆ ಎರಡು ಕೋಲು.

ಇದರ ತತ್ತ್ವವನ್ನು ನನ್ನ ವಿದ್ಯಾರ್ಥಿಗಳು ಮರೆತಿರಲಾರರು. ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು. ಬೂಟಿನ ಅಡಿಯ ವಿಸ್ತೀರ್ಣ ಸುಮಾರು 200 ಚದರ ಸೆಂಟಿಮೀಟರ್. ಹಿಮಪಾದುಕೆಯದು ಒಂದು ಸಾವಿರಕ್ಕೂ ಮಿಗಿಲು. ನನ್ನ ತೂಕ ಒಂದು ಗುಂಜಿಯೂ ಇಳಿಯಲಿಲ್ಲ, ಆದರೆ ಹಿಮದ ಮೇಲೆ ಬೀಳುವ ಒತ್ತಡ ಐದರಲ್ಲೊಂದು ಪಾಲಾಯಿತು. ಮಳೆಗಾಲದಲ್ಲಿ ಶಾಲೆಯ ಅಂಗಳದ ಕೆಸರಿಗೆ ಹಲಗೆ ಹಾಸಿ ದಾಟುತ್ತಿದ್ದೆವಲ್ಲ, ಅದೇ ಉಪಾಯ. ವ್ಯತ್ಯಾಸವಿಷ್ಟೆ, ಇಲ್ಲಿ ಹಲಗೆಯನ್ನು ಕಾಲಿಗೇ ಕಟ್ಟಿಕೊಂಡಿರುತ್ತೇವೆ. ಮೊಮ್ಮಗಳು ತನ್ನ ಪಾದುಕೆಗಳನ್ನು ಕಳಚಿ ಪಕ್ಕದಲ್ಲಿ ಕಾಲಿಟ್ಟಳು; ತೊಡೆಯವರೆಗೆ ಹೂತುಹೋದಳು. ಪಾದುಕೆ ತೊಟ್ಟ ನಾನು ನಾಲ್ಕು ಬೆರಳಿನಷ್ಟೇ ಇಳಿದಿದ್ದೆ. ಅಷ್ಟು ಒಳ್ಳೆಯ ಪ್ರಯೋಗವನ್ನು ನಾನು ತರಗತಿಯಲ್ಲಿ ಎಂದೂ ಮಾಡಿ ತೋರಿಸಿರಲಿಲ್ಲ.

ಮೊದಲ ದಿನ ನಡೆದದ್ದು ಡಾನರ್ ಸರೋವರದ ಪಕ್ಕದ ಸಮತಟ್ಟಾದ ಕಾಡಿನಲ್ಲಿ. ಕಾಲುಗಳನ್ನು ತುಸು ಅಗಲಿಸಿ, ಒಂದು ಪಾದುಕೆ ಇನ್ನೊಂದನ್ನು ತುಳಿಯದಂತೆ ಹೆಜ್ಜೆ ಇಡಬೇಕು. ಹಿಂದಕ್ಕೆ ನಡೆಯಲಾಗದು, ತಿರುಗಬೇಕಾದರೆ ಸಣ್ಣ ವೃತ್ತದಲ್ಲಿ ಸುತ್ತಿ ಬರಬೇಕು. ಮುಂದೆ ಹೋಗುವವರು ಹೊಸ ಹಿಮವನ್ನು ತುಳಿದು ದಾರಿ ಮಾಡುತ್ತಾರೆ. ಅದೇ ಹೆಚ್ಚಿನ ದಣಿವಿನ ಕೆಲಸ, ಆದ್ದರಿಂದ ಸರದಿಯ ಮೇಲೆ ಬದಲಾಗುತ್ತಾರೆ. ಅರ್ಧ ಗಂಟೆಯಲ್ಲಿ ನನಗೆ ಲಯ ಸಿಕ್ಕಿತು. ಆಮೇಲೆ ಗಮನಕ್ಕೆ ಬಂದದ್ದು ಮೌನ. ನಮ್ಮ ಕಾಡು ಎಂದೂ ಮೌನವಾಗಿರುವುದಿಲ್ಲ, ಜೀರುಂಡೆಯಾದರೂ ಕೂಗುತ್ತಿರುತ್ತದೆ. ಅಲ್ಲಿ ಹೊಸ ಹಿಮ ಸದ್ದನ್ನೆಲ್ಲ ತನ್ನೊಳಗೆ ಸೆಳೆದುಕೊಂಡಿತ್ತು. ಪಾದುಕೆಯ ಕರಕರ ಸದ್ದು ನಿಂತರೆ ನನ್ನ ಉಸಿರೇ ನನಗೆ ಕೇಳಿಸುತ್ತಿತ್ತು.

ಅದೇ ಕಾಡಿನಂಚಿನಲ್ಲಿ ಒಂದು ಸ್ಮಾರಕವಿದೆ. 1918ರಲ್ಲಿ ಲೋಕಾರ್ಪಣೆಯಾದ ಕಂಚಿನ ಪ್ರತಿಮೆ: ತಂದೆ, ತಾಯಿ, ಮಕ್ಕಳು ದಿಗಂತದತ್ತ ನೋಡುತ್ತಿದ್ದಾರೆ. ಅದರ ಪೀಠದ ಎತ್ತರ 22 ಅಡಿ. ಅಷ್ಟು ಎತ್ತರವೇಕೆಂದು ಕೇಳಿದಾಗ ಮಗಳು ಹೇಳಿದಳು: "ಅಮ್ಮ, ಆ ವರ್ಷ ಇಲ್ಲಿ ಬಿದ್ದ ಹಿಮದ ಆಳ ಅದು."

ಆ ವರ್ಷವೆಂದರೆ 1846. ಪೂರ್ವದ ರಾಜ್ಯಗಳಿಂದ ಎತ್ತಿನ ಬಂಡಿಗಳಲ್ಲಿ ಹೊಸ ಬದುಕನ್ನು ಅರಸಿ ಹೊರಟ ಕುಟುಂಬಗಳ ಗುಂಪೊಂದು ಕ್ಯಾಲಿಫೋರ್ನಿಯಾದತ್ತ ಬರುತ್ತಿತ್ತು. ಚರಿತ್ರೆ ಅವರನ್ನು ಡಾನರ್ ತಂಡವೆಂದು ಕರೆಯುತ್ತದೆ. ಲ್ಯಾನ್ಸ್‌ಫರ್ಡ್ ಹೇಸ್ಟಿಂಗ್ಸ್ ಎಂಬಾತ ಬಹಳ ಹೊಗಳಿದ್ದ ಒಂದು ಒಳದಾರಿಯನ್ನು ಅವರು ನಂಬಿದರು. ಆ ದಾರಿಯಲ್ಲಿ ಬಂಡಿ ಹೊಡೆದ ಅನುಭವ ಹೊಗಳುವಾಗ ಆತನಿಗೇ ಇರಲಿಲ್ಲ. ಹತ್ತಿರದ ದಾರಿ ಎಂದದ್ದು ವಾಸ್ತವದಲ್ಲಿ ಹೆಚ್ಚು ಉದ್ದವಾಗಿತ್ತು. ಮರ ಕಡಿದು ದಾರಿ ಮಾಡಿಕೊಳ್ಳುವುದರಲ್ಲಿ, ಉಪ್ಪಿನ ಮರುಭೂಮಿ ದಾಟುವುದರಲ್ಲಿ ವಾರಗಳು ಕಳೆದುಹೋದವು. ನವೆಂಬರಿನಲ್ಲಿ ಈ ಸರೋವರದ ಬಳಿಗೆ ಬರುವಷ್ಟರಲ್ಲಿ ಮೇಲಿನ ಕಣಿವೆದಾರಿಯನ್ನು ಹಿಮ ಮುಚ್ಚಿತ್ತು.

ಡಿಸೆಂಬರ್ 16ರಂದು ಅವರಲ್ಲಿ ಹದಿನೇಳು ಮಂದಿ ನೆರವು ತರಲು ಪರ್ವತ ದಾಟಿ ಹೊರಟರು. ವರ್ಮಾಂಟ್ ಸೀಮೆಯಲ್ಲಿ ಹುಟ್ಟಿದ್ದ ಫ್ರಾಂಕ್ಲಿನ್ ಗ್ರೇವ್ಸ್ ಎಂಬ ವೃದ್ಧನಿಗೆ ಹಿಮಪಾದುಕೆಯ ಪರಿಚಯವಿತ್ತು. ಎತ್ತುಗಳ ಕೊರಳಿಗೆ ಹಾಕುವ ಬಾಗಿದ ಮರವನ್ನು ಸೀಳಿ, ತೊಗಲಿನ ಪಟ್ಟಿ ಹೆಣೆದು ಪಾದುಕೆಗಳನ್ನು ಸಿದ್ಧಪಡಿಸಿದರು. ಎಲ್ಲರಿಗೂ ಸಾಲುವಷ್ಟು ಆಗಲಿಲ್ಲ. ಪಾದುಕೆಯಿಲ್ಲದ ಇಬ್ಬರು ಬೇಗನೆ ಹಿಂದಿರುಗಿದರು. ಉಳಿದ ಹದಿನೈದು ಜನರಲ್ಲಿ ಮೂವತ್ತಮೂರು ದಿನಗಳ ನಂತರ ಆಚೆ ಕಡೆಗೆ ತಲುಪಿದವರು ಏಳು ಮಂದಿ: ಇಬ್ಬರು ಗಂಡಸರು, ಐವರು ಹೆಂಗಸರು. ಹೊರಟ ಐವರು ಹೆಂಗಸರೂ ಬದುಕಿದರು. ಪಾದುಕೆ ಮಾಡಿಕೊಟ್ಟ ಗ್ರೇವ್ಸ್ ದಾರಿಯಲ್ಲೇ ತೀರಿಕೊಂಡ. ಹಸಿವು ಆ ಜನರನ್ನು ಸತ್ತವರ ದೇಹವನ್ನು ತಿನ್ನುವವರೆಗೆ ದೂಡಿತೆಂಬುದು ಎಲ್ಲರೂ ಬಲ್ಲ ಕಥೆ. ನನ್ನನ್ನು ಹೆಚ್ಚು ಕಾಡಿದ್ದು ಬೇರೊಂದು ಸಂಗತಿ. ಲೂಯಿಸ್ ಮತ್ತು ಸಾಲ್ವಡಾರ್ ಎಂಬ ಇಬ್ಬರು ಮೂಲನಿವಾಸಿ ತರುಣರು ಆಚೆಯ ಕೋಟೆಯಿಂದ ಆಹಾರ ಹೊತ್ತು ಇವರ ನೆರವಿಗೆಂದೇ ಬಂದವರು. ಅವರಿಬ್ಬರನ್ನೂ ಆ ಗುಂಪಿನವನೊಬ್ಬ ಗುಂಡಿಕ್ಕಿ ಕೊಂದ. ದಾರಿ ತೋರಿಸಲು ಬಂದವರಿಗೆ ದೊರೆತ ಪ್ರತಿಫಲವಿದು. ತಂಡಕ್ಕೆ ಸೇರಿದ್ದ 87 ಜನರಲ್ಲಿ ಕೊನೆಗೆ ಉಳಿದವರು 48. ಬದುಕುಳಿದ ಹದಿಮೂರು ವರ್ಷದ ವರ್ಜೀನಿಯಾ ರೀಡ್ ಮರುವರ್ಷ ತನ್ನ ಬಂಧುವಿಗೆ ಬರೆದ ಪತ್ರದಲ್ಲಿ, ಒಳದಾರಿಗಳ ಸಹವಾಸ ಬೇಡವೆಂದು ಎಚ್ಚರಿಸಿದ್ದಾಳೆ. ನನ್ನ ಮೊಮ್ಮಗಳಿಗೂ ಆಗ ಹದಿಮೂರೇ ವರ್ಷ. ಅವಳು ಬಹಳ ಹೊತ್ತು ಆ ಪೀಠದ ಮುಂದೆ ತಲೆಯೆತ್ತಿ ನಿಂತಿದ್ದಳು.

ಇದೇ ಪರ್ವತದಲ್ಲಿ, ಹತ್ತೇ ವರ್ಷಗಳ ನಂತರ, ಇನ್ನೊಂದು ಬಗೆಯ ಮನುಷ್ಯನೂ ನಡೆದಾಡಿದ. ನಾರ್ವೆಯಲ್ಲಿ ಹುಟ್ಟಿದ ಜಾನ್ ಥಾಮ್ಸನ್ ಎಂಬ ರೈತ 1856ರಿಂದ ಸುಮಾರು ಇಪ್ಪತ್ತು ಚಳಿಗಾಲ ಪ್ಲೇಸರ್‌ವಿಲ್‌ನಿಂದ ಕಾರ್ಸನ್ ಕಣಿವೆಗೆ ತೊಂಬತ್ತು ಮೈಲಿ ದೂರ ಅಂಚೆಯ ಚೀಲ ಹೊತ್ತ. ಜನ ಅವನನ್ನು 'ಸ್ನೋಶೂ ಥಾಮ್ಸನ್' ಎಂದು ಕರೆದರು. ಅವನು ತೊಡುತ್ತಿದ್ದುದು ನಿಜವಾಗಿ ತಾನೇ ಕೆತ್ತಿಕೊಂಡ ಉದ್ದನೆಯ ಜಾರುಹಲಗೆಗಳನ್ನು. ಆ ಚಾಕರಿಗೆ ಸರ್ಕಾರ ಅವನಿಗೆ ಸಂಬಳ ಕೊಡಲೇ ಇಲ್ಲ. ಪರ್ವತ ಒಂದೇ, ಹಿಮವೂ ಒಂದೇ. ಥಾಮ್ಸನ್ ಹಿಮದ ಗುಣವನ್ನು ಬಾಲ್ಯದಿಂದ ಬಲ್ಲವನಾಗಿದ್ದ, ಡಾನರ್ ತಂಡದವರು ಪರರ ಮಾತನ್ನು ನಂಬಿ ಬಂದವರಾಗಿದ್ದರು. ಉಳಿದ ಅದೃಷ್ಟ ದುರದೃಷ್ಟಗಳ ಮಾತೇನೇ ಇರಲಿ, ಈ ವ್ಯತ್ಯಾಸ ಚಿಕ್ಕದಲ್ಲ.

ಎರಡನೆಯ ದಿನ ನಾವು ಹೋದದ್ದು ಟಾಹೋ ಸರೋವರದ ಈಶಾನ್ಯಕ್ಕಿರುವ ಟಾಹೋ ಮೆಡೋಸ್ ಎಂಬ ಬಯಲಿಗೆ. ಸಮುದ್ರಮಟ್ಟದಿಂದ ಸುಮಾರು 8,500 ಅಡಿ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಎರಡು ಸಾವಿರ ಅಡಿ ಮೇಲೆ. ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳಬೇಕಾಯಿತು. ಬಯಲಿನ ಅಂಚಿನಲ್ಲಿ ನಿಂತರೆ ದೂರದ ಕೆಳಗೆ ಟಾಹೋ ಸರೋವರದ ನೀಲಿ. 1,600 ಅಡಿಗೂ ಮಿಕ್ಕಿ ಆಳವಿರುವ ಆ ನೀರು ತನ್ನೊಳಗೆ ಅಷ್ಟು ಶಾಖವನ್ನು ಕೂಡಿಟ್ಟುಕೊಂಡಿರುವುದರಿಂದ ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ಅಲ್ಲಿಯ ಮೂಲನಿವಾಸಿಗಳಾದ ವಾಶೋ ಜನ ಬೇಸಿಗೆಯಲ್ಲಿ ಅದರ ದಡಕ್ಕೆ ಬಂದು, ಚಳಿಗಾಲಕ್ಕೆ ತಗ್ಗಿನ ಕಣಿವೆಗಳಿಗೆ ಇಳಿಯುತ್ತಿದ್ದರಂತೆ.

ಮರಗಳ ಕಾಂಡದ ಮೇಲೆ ಹಳದಿ ಹಸಿರು ಬಣ್ಣದ ಕಲ್ಲುಹೂವು ಬೆಳೆದಿತ್ತು. ಅದು ಬುಡದವರೆಗೆ ಇರುವುದಿಲ್ಲ. ಒಂದು ಎತ್ತರದಿಂದ ಮೇಲಕ್ಕೆ ಮಾತ್ರ ಇರುತ್ತದೆ. ಚಳಿಗಾಲವಿಡೀ ಹಿಮದಲ್ಲಿ ಹುದುಗಿರುವ ಭಾಗದಲ್ಲಿ ಅದು ಬೆಳೆಯಲಾರದು. ಹಾಗಾಗಿ ಬೇಸಿಗೆಯಲ್ಲಿ ಬಂದವರೂ ಆ ಗೆರೆಯನ್ನು ನೋಡಿ, ಇಲ್ಲಿ ಸಾಮಾನ್ಯವಾಗಿ ಎಷ್ಟು ಹಿಮ ನಿಲ್ಲುತ್ತದೆಂದು ಊಹಿಸಬಹುದು. ನಮ್ಮ ಮುಂದಾಳು ಅದನ್ನು ತೋರಿಸಿದಾಗ, ನೆರೆ ಬಂದ ವರ್ಷ ತುಂಗಾ ನದಿಯ ದಂಡೆಯ ಗೋಡೆಗಳ ಮೇಲೆ ಉಳಿಯುವ ಕೆಸರಿನ ಗೆರೆ ನನಗೆ ನೆನಪಾಯಿತು.

ಬಯಲಿನ ಉತ್ತರಕ್ಕೆ ಮೌಂಟ್ ರೋಸ್ ಶಿಖರ. ಮೇಷ್ಟರೊಬ್ಬರಿಂದ ಪ್ರಸಿದ್ಧವಾದ ಶಿಖರವದು ಎಂದು ತಿಳಿದಾಗ ನನಗಾದ ಸಂತೋಷವನ್ನು ನೀವು ಊಹಿಸಬಹುದು. ಜೇಮ್ಸ್ ಎಡ್ವರ್ಡ್ ಚರ್ಚ್ ಎಂಬುವರು ರೀನೋ ನಗರದ ನೆವಾಡಾ ವಿಶ್ವವಿದ್ಯಾಲಯದಲ್ಲಿ ಲ್ಯಾಟಿನ್ ಸಾಹಿತ್ಯ ಕಲಿಸುತ್ತಿದ್ದರು. 1895ರ ಚಳಿಗಾಲದಲ್ಲಿ ಆ ಶಿಖರವನ್ನೇರಿದ ಅವರಿಗೆ ಹಿಮದ ಹುಚ್ಚು ಹಿಡಿಯಿತು. ವಸಂತದಲ್ಲಿ ಟಾಹೋ ಸರೋವರ ಎಷ್ಟು ಏರೀತು ಎಂಬುದು ಆಗ ದಡದ ಮನೆಗಳವರಿಗೂ ಕೆಳಗಿನ ನೀರಾವರಿಯವರಿಗೂ ನಡುವೆ ವ್ಯಾಜ್ಯದ ವಿಷಯ. ಹಿಮದ ಎತ್ತರವನ್ನು ಅಳೆದರೆ ಉತ್ತರ ಸಿಗದು. ಏಕೆಂದರೆ ಹಗುರ ಹಿಮವೂ ಉಂಟು, ಭಾರದ ಹಿಮವೂ ಉಂಟು. ಹಿಮವನ್ನು ತೂಗಬೇಕು. ಚರ್ಚ್ ಅವರು ಟೊಳ್ಳು ಕೊಳವೆಯೊಂದನ್ನು ರೂಪಿಸಿದರು. ಅದನ್ನು ನೆಲ ಮುಟ್ಟುವವರೆಗೆ ಹಿಮದೊಳಗೆ ಇಳಿಸಿ, ತುಂಬಿದ ಹಿಮದ ಸಮೇತ ತೂಗುವುದು. ಬರಿಯ ಕೊಳವೆಯ ತೂಕ ಕಳೆಯುವುದು. ಇಂದು ಬಳಕೆಯಲ್ಲಿರುವ ಕೊಳವೆಯ ಒಳವ್ಯಾಸ 1.485 ಅಂಗುಲ. ಈ ವಿಚಿತ್ರ ಸಂಖ್ಯೆ ಏಕೆಂದು ಗಣಿತ ಕಲಿತವರು ಲೆಕ್ಕ ಹಾಕಿ ನೋಡಿ: ಅಷ್ಟು ವ್ಯಾಸದ ಕೊಳವೆಯಲ್ಲಿ ಒಂದು ಅಂಗುಲ ಎತ್ತರದ ನೀರಿನ ತೂಕ ಸರಿಯಾಗಿ ಒಂದು ಔನ್ಸ್. ತಕ್ಕಡಿಯಲ್ಲಿ ಮೂವತ್ತು ಔನ್ಸ್ ಬಂದರೆ, ಆ ನೆಲದ ಮೇಲೆ ಮೂವತ್ತು ಅಂಗುಲ ನೀರು ಕೂತಿದೆಯೆಂದು ಅರ್ಥ. ಗುಣಾಕಾರವೂ ಬೇಡ, ಭಾಗಾಕಾರವೂ ಬೇಡ! ಇದೇ ಚರ್ಚ್ ಅವರು 1947ರಲ್ಲಿ, ಎಂಬತ್ತರ ಅಂಚಿನ ವಯಸ್ಸಿನಲ್ಲಿ, ಹಿಮಾಲಯದ ಹಿಮವನ್ನು ಅಳೆಯುವ ಕೆಲಸಕ್ಕಾಗಿ ನಮ್ಮ ದೇಶಕ್ಕೂ ಬಂದಿದ್ದರು.

ನಮ್ಮ ತೋಟದ ಮನೆಗಳಲ್ಲಿ ಮಳೆಯನ್ನು ಅಂಗುಲದ ಲೆಕ್ಕದಲ್ಲಿ ಬರೆದಿಡುವ ಹಿರಿಯರಿದ್ದಾರಲ್ಲ, ಅವರಿಗೆ ಈ ಮನುಷ್ಯ ಖಂಡಿತ ಹಿಡಿಸುತ್ತಿದ್ದರು. ಕ್ಯಾಲಿಫೋರ್ನಿಯಾ ಬಳಸುವ ನೀರಿನಲ್ಲಿ ಸುಮಾರು ಶೇಕಡ 30 ಭಾಗ ಈ ಪರ್ವತಗಳ ಹಿಮದಿಂದ ಬರುತ್ತದೆ. ಚಳಿಗಾಲದಲ್ಲಿ ತುಂಬಿ ಬೇಸಿಗೆಯಲ್ಲಿ ತಾನಾಗಿ ತೂಬು ತೆರೆದುಕೊಳ್ಳುವ ಕೆರೆ ಎಂದರೂ ಸರಿಯೆ. 2015ರ ಏಪ್ರಿಲ್ 1ರಂದು ಅಲ್ಲಿಯ ಗವರ್ನರ್ ಜೆರ್ರಿ ಬ್ರೌನ್ ಅಳತೆಯ ಜಾಗಕ್ಕೆ ಬಂದಾಗ ಕೊಳವೆ ಇಳಿಸಲು ಹಿಮವೇ ಇರಲಿಲ್ಲ. ಒಣಹುಲ್ಲಿನ ಮೇಲೆ ನಿಂತು ಅವರು ನೀರಿನ ಬಳಕೆಗೆ ಕಡಿತ ಘೋಷಿಸಬೇಕಾಯಿತು. ಆ ವರ್ಷ ರಾಜ್ಯದ ಒಟ್ಟು ಹಿಮ ವಾಡಿಕೆಯ ಶೇಕಡ 5ರಷ್ಟಿತ್ತು. 2023ರ ಏಪ್ರಿಲ್‌ನಲ್ಲಿಯೋ, ವಾಡಿಕೆಯ ಇಮ್ಮಡಿಗೂ ಮೀರಿತ್ತು. ನಮ್ಮ ಮುಂಗಾರಿನಂತೆ ಅದೂ ಈಗ ತಾಳ ತಪ್ಪಿದೆ.

ಬಯಲು ದಾಟಿ ಎದುರಿನ ದಿಬ್ಬದ ತಲೆಗೇರುವುದು ಅಂದಿನ ಉದ್ದೇಶ. ಅಲ್ಲಿಂದ ಆಚೆಯ ಮರುಭೂಮಿಯೂ ಈಚೆಯ ಸರೋವರವೂ ಒಟ್ಟಿಗೆ ಕಾಣುತ್ತವೆಂದು ಮೊಮ್ಮಗಳು ಹಿಂದಿನ ದಿನದಿಂದಲೂ ಹೇಳುತ್ತಿದ್ದಳು. ಆಕಾಶ ತೊಳೆದಿಟ್ಟಂತಿತ್ತು. ಹಿಂದಿನ ರಾತ್ರಿ ಮಾತ್ರ ಗಾಳಿ ಜೋರಾಗಿ ಬೀಸಿತ್ತು. ಬಯಲಿನ ನಡುವೆ ನಡೆಯುತ್ತಿದ್ದಂತೆ ಕಾಲಡಿಯಲ್ಲಿ 'ಧುಂ' ಎಂಬ ತಗ್ಗಿದ ಸದ್ದು ಕೇಳಿಸಿತು. ಕದ ಹಾಕಿದ ಕೋಣೆಯೊಳಗೆ ಭತ್ತದ ಮೂಟೆಯೊಂದನ್ನು ಕೆಡವಿದಂತೆ. ನೆಲ ಒಂದು ಎಳೆಯಷ್ಟು ಕುಸಿದ ಹಾಗಾಯಿತು. ನಮ್ಮ ಮುಂದಾಳು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದರು.

ಬೆನ್ನಚೀಲದಿಂದ ಸಣ್ಣ ಸಲಿಕೆ ತೆಗೆದು ಆಕೆ ಹಿಮದಲ್ಲಿ ಗುಂಡಿ ತೋಡಿದರು. ಅದರ ಗೋಡೆಯಲ್ಲಿ ಪುಸ್ತಕದ ಹಾಳೆಗಳಂತೆ ಪದರಗಳು. ಒಂದೊಂದು ಪದರವೂ ಒಂದೊಂದು ಬಿರುಗಾಳಿಯ ಕುರುಹು. ಮೇಲೆ ಗಾಳಿ ತಂದು ಒತ್ತಿದ ಗಟ್ಟಿ ಹಿಮ. ಅದರ ಕೆಳಗೆ ಬೆರಳಿಟ್ಟರೆ ಸಕ್ಕರೆಯಂತೆ ಉದುರುವ ಹರಳುಗಳ ಪದರ. ಗಟ್ಟಿ ಹಲಗೆಯೊಂದು ಸಕ್ಕರೆಯ ಮೇಲೆ ಕೂತಿರುವ ಸ್ಥಿತಿ. ಸಮತಟ್ಟಾದ ಬಯಲಲ್ಲಿ ಅದು ಕುಸಿದರೆ ಸದ್ದು ಮಾತ್ರ. ಇಳಿಜಾರಿನಲ್ಲಿ ಕುಸಿದರೆ ಹಲಗೆಯೇ ಜಾರಿ ಬರುತ್ತದೆ. ಅದೇ ಹಿಮಕುಸಿತ. ಆ ಪ್ರದೇಶದ ಮುನ್ಸೂಚನಾ ಕೇಂದ್ರ ಚಳಿಗಾಲದ ಬೆಳಗುಗಳಲ್ಲಿ ಅಪಾಯದ ಮಟ್ಟವನ್ನು ಒಂದರಿಂದ ಐದರ ಲೆಕ್ಕದಲ್ಲಿ ಪ್ರಕಟಿಸುತ್ತದೆ. ಅಂದು ಮೂರು ಎಂದಿತ್ತು. ಐದರಲ್ಲಿ ಮೂರೆಂದರೆ ನಮ್ಮ ಪರೀಕ್ಷೆಯ ಲೆಕ್ಕದಲ್ಲಿ ಸಾಧಾರಣ ಎನಿಸೀತು. ಹಿಮದ ಲೆಕ್ಕದಲ್ಲಿ ಹಾಗಲ್ಲ; ಮನುಷ್ಯನ ಕಾಲು ಬಿದ್ದರೆ ಕುಸಿಯುವ ಸಂಭವ ಇದೆ ಎಂದರ್ಥ. ಕುಸಿತಕ್ಕೆ ಸಿಲುಕಿ ಸಾಯುವವರಲ್ಲಿ ಹೆಚ್ಚಿನವರ ವಿಷಯದಲ್ಲಿ, ಅದನ್ನು ಎಬ್ಬಿಸಿದ್ದು ಅವರೇ ಅಥವಾ ಅವರ ಜೊತೆಗಾರರೇ ಆಗಿರುತ್ತಾರೆ.

"ಅಜ್ಜಿ, ಅಲ್ಲಿ ಆಗಲೇ ಯಾರೋ ಹತ್ತಿ ಹೋಗಿದ್ದಾರೆ ನೋಡಿ!" ಎಂದಳು ಮೊಮ್ಮಗಳು. ನಿಜ, ಇಳಿಜಾರಿನ ಮೇಲೆ ಒಂದು ಜಾಡು ಸ್ಪಷ್ಟವಾಗಿತ್ತು. ಮುಂದಾಳು ಶಾಂತವಾಗಿ ಹೇಳಿದರು: ಜಾಡು ಇದೆಯೆಂದರೆ ಅವರು ಹೋದಾಗ ಕುಸಿಯಲಿಲ್ಲ ಎಂದಷ್ಟೇ ಗೊತ್ತಾಗುತ್ತದೆ, ನಾವು ಹೋದಾಗ ಏನಾಗುತ್ತದೆಂದು ಅದು ಹೇಳುವುದಿಲ್ಲ.

ಹಲಗೆಯಂತೆ ಜಾರುವ ಕುಸಿತಗಳು ಬಹುಪಾಲು 30ರಿಂದ 45 ಡಿಗ್ರಿ ಓರೆಯ ಇಳಿಜಾರುಗಳಲ್ಲಿ ಆಗುತ್ತವೆ. ಎದುರಿನ ದಿಬ್ಬದ ಓರೆ ಎಷ್ಟು? ಆಗ ಆಕೆ ಮಾಡಿದ ಉಪಾಯ ನನ್ನ ಮನಸ್ಸನ್ನು ಗೆದ್ದಿತು. ಸುರಕ್ಷಿತವಾದ ಬಯಲಿನಲ್ಲೇ, ದಿಬ್ಬದ ಪಕ್ಕದ ನೋಟ ಕಾಣುವಲ್ಲಿ ನಿಂತು, ಒಂದು ಕೋಲನ್ನು ನೆಟ್ಟಗೆ ಹಿಡಿದರು. ಮೊಮ್ಮಗಳ ಕೈಯಿಂದ ಅಷ್ಟೇ ಉದ್ದದ ಇನ್ನೊಂದನ್ನು ಅಡ್ಡಲಾಗಿ ಹಿಡಿಸಿದರು. ಕರ್ಣದ ಜಾಗದಲ್ಲಿ ದಿಬ್ಬದ ಓರೆ ಹೊಂದಿಕೊಳ್ಳಬೇಕು. ಎರಡೂ ಕೋಲು ಪೂರ್ತಿಯಾಗಿ ಬೇಕಾದರೆ 45 ಡಿಗ್ರಿ. ನಿಂತ ಕೋಲಿನ ಅರ್ಧವಷ್ಟೇ ಸಾಕಾದರೆ ಸುಮಾರು 27. ನಿಂತ ಕೋಲಿನ ಮುಕ್ಕಾಲು ಪಾಲು ಬೇಕಾಯಿತು. "ಮೂವತ್ತು ಡಿಗ್ರಿಗೆ ಎಷ್ಟು ಬೇಕು, ಹೇಳು?" ಎಂದು ನಾನು ಕೇಳಿದೆ. ಅವಳಿಗಿನ್ನೂ ತ್ರಿಕೋನಮಿತಿ ಬಂದಿರಲಿಲ್ಲ. ಮೂರರ ವರ್ಗಮೂಲದಿಂದ ಒಂದನ್ನು ಭಾಗಿಸಿದರೆ 0.577, 120 ಸೆಂಟಿಮೀಟರಿನ ಕೋಲಿನಲ್ಲಿ 69. ನಮಗೆ ಬಂದದ್ದು ತೊಂಬತ್ತರ ಹತ್ತಿರ, ಅಂದರೆ 36 ಡಿಗ್ರಿಗೂ ಮೇಲೆ. ತ್ರಿಕೋನಮಿತಿಯಿಂದ ಜೀವನದಲ್ಲಿ ಏನು ಪ್ರಯೋಜನ ಮೇಡಂ ಎಂದು ಕೊನೆಯ ಬೆಂಚಿನಿಂದ ಕೇಳುತ್ತಿದ್ದವರು ಇದನ್ನು ಓದುತ್ತಿದ್ದರೆ, ಉತ್ತರ ತಡವಾಗಿ ಸಿಕ್ಕಿದೆ.

ಆ ಬಿಳಿಯ ಇಳಿಜಾರನ್ನು ನೋಡುತ್ತ ನಿಂತಾಗ ನನಗೆ ನೆನಪಾದದ್ದು ಕುಂದಗೋಳ ತಾಲೂಕಿನ ಬೆಟದೂರು. ಕನ್ನಡಿಗರಾದ ನಮಗೆ ಹಿಮಕುಸಿತವೆಂಬ ಮಾತು ಮನೆಯ ಮಾತಾದದ್ದು 2016ರ ಫೆಬ್ರವರಿಯಲ್ಲಿ. ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಕಾವಲುನೆಲೆಯ ಮೇಲೆ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಆರನೆಯ ದಿನ 25 ಅಡಿ ಆಳದಿಂದ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಜೀವಂತವಾಗಿ ಹೊರತೆಗೆದರು. ಹಿಮದಲ್ಲಿ ಹೂತವರು ಬದುಕುವ ಸಂಭವ ಮೊದಲ ಕಾಲು ಗಂಟೆಯ ನಂತರ ವೇಗವಾಗಿ ಕುಸಿಯುತ್ತದೆ. ಹಾಗಿರುವಾಗ ಆರು ದಿನ! ನಾಡಿಗೆ ನಾಡೇ ಪ್ರಾರ್ಥಿಸಿತು. ಫೆಬ್ರವರಿ 11ರಂದು ದೆಹಲಿಯಲ್ಲಿ ಅವರು ತೀರಿಕೊಂಡರು. ಅವರಿಗೆ ಹಿಂದಿರುಗುವ ಆಯ್ಕೆ ಇರಲಿಲ್ಲ. ಕರ್ತವ್ಯ ಅಲ್ಲಿ ನಿಲ್ಲಿಸಿತ್ತು. ನಮಗೆ ಆಯ್ಕೆ ಇತ್ತು. ಒಂದು ನೋಟದ ಆಸೆಯ ಹೊರತು ನಮ್ಮನ್ನು ಮುಂದೆ ಎಳೆಯುವಂಥದು ಏನೂ ಇರಲಿಲ್ಲ.

ಅಳಿಯಂದಿರಿಗೆ ತುಸು ಬೇಸರವಾಯಿತು. ಮೊಮ್ಮಗಳ ಕಣ್ಣು ತುಂಬಿದವು. ನಾವು ಸಣ್ಣ ವೃತ್ತದಲ್ಲಿ ಸುತ್ತಿ ತಿರುಗಿದೆವು. ಮರಗಳ ನಡುವಿನ ತಟ್ಟು ನೆಲದಲ್ಲಿ ಕುಳಿತು ಬಾಟಲಿಯ ಬಿಸಿ ಕಾಫಿ, ಮಗಳು ಕಟ್ಟಿ ತಂದ ಚಪಾತಿ ಪಲ್ಯ ಮುಗಿಸಿದೆವು. ಎದುರಿಗೆ ಅದೇ ದಿಬ್ಬ. ಒಂದು ಗಂಟೆ ನಾವಲ್ಲಿದ್ದೆವು. ಹಿಮ ಕುಸಿಯಲಿಲ್ಲ. ಅಷ್ಟರಲ್ಲಿ ಬೇರೆ ಇಬ್ಬರು ಬಂದು ಅದೇ ಜಾಡಿನಲ್ಲಿ ಹತ್ತಿ, ತಲೆಯ ಮೇಲೆ ನಿಂತು ಕೈಬೀಸಿ, ಕ್ಷೇಮವಾಗಿ ಇಳಿದರು.

"ನೋಡಿ, ಏನೂ ಆಗಲಿಲ್ಲ. ನಾವೂ ಹೋಗಬಹುದಿತ್ತು" ಎಂದಳು ಮೊಮ್ಮಗಳು. ಅವಳ ಮಾತಿಗೆ ಒಡನೆ ಉತ್ತರ ಹೇಳುವುದು ಸುಲಭವಾಗಿರಲಿಲ್ಲ.

ಅಪಾಯದಿಂದ ಹಿಂದೆ ಸರಿದವರಿಗೆ ಇರುವ ಕಷ್ಟವೇ ಇದು. ಮುಂದೆ ಹೋಗಿ ಕೆಟ್ಟವರ ಕಥೆಗೆ 22 ಅಡಿ ಎತ್ತರದ ಪೀಠವಿದೆ; ತಿರುಗಿ ಬಂದವರ ವಿವೇಕಕ್ಕೆ ಸಾಕ್ಷಿಯೇ ಇರುವುದಿಲ್ಲ. ಅಂದು ನಾವು ಹತ್ತಿದ್ದರೆ ಸುಖವಾಗಿ ಇಳಿಯುತ್ತಿದ್ದೆವೇನೋ. ಹೆಚ್ಚು ಸಂಭವ ಅದಕ್ಕೇ ಇತ್ತು. ಆದರೆ ಹಾಗೆ ಇಳಿದಿದ್ದರೆ, ಆ ಓರೆಯನ್ನು ಆ ಸ್ಥಿತಿಯಲ್ಲಿ ಹತ್ತಬಹುದೆಂಬ ತಪ್ಪು ಪಾಠವನ್ನು ಹದಿಮೂರು ವರ್ಷದ ಹುಡುಗಿ ಕಲಿತು ಬರುತ್ತಿದ್ದಳು. ಹಿಮ ಎಲ್ಲರಿಗೂ ಒಂದೇ ಸಲ ಪರೀಕ್ಷೆ ಕೊಡುವುದಿಲ್ಲ. ಹತ್ತು ಸಲ ಸುಮ್ಮನಿದ್ದು ಹನ್ನೊಂದನೆಯ ಸಲ ಉತ್ತರ ಹೇಳುತ್ತದೆ.

ನಾನು ಅವಳಿಗೆ ಇಷ್ಟು ಹೇಳಿದೆ: "ಲೆಕ್ಕದ ಉತ್ತರ ಸರಿ ಬಂತೇ ಎಂದು ಮಾತ್ರ ನೋಡಬಾರದು ಮಗಳೇ, ಮಾಡಿದ ಕ್ರಮ ಸರಿಯೇ ಎಂದು ನೋಡಬೇಕು. ಆ ಇಬ್ಬರ ಉತ್ತರ ಸರಿ ಬಂದಿದೆ. ಕ್ರಮ ನಮ್ಮದು ಸರಿ." ನನ್ನ ಕೈಯಲ್ಲಿ ಕ್ರಮಕ್ಕಾಗಿ ಅಂಕ ಪಡೆದವರು, ಉತ್ತರ ಸರಿಯಿದ್ದೂ ಅಂಕ ಕಳೆದುಕೊಂಡವರು ನಿಮ್ಮಲ್ಲಿ ಅನೇಕರಿದ್ದೀರಿ, ಈ ಮಾತು ನಿಮಗೆ ಹೊಸದಲ್ಲ. ಅವಳಿಗೆ ಅಂದು ಒಪ್ಪಿಗೆಯಾಯಿತೆಂದು ನಾನು ಹೇಳಲಾರೆ. ಕಾರಿನವರೆಗೂ ಮಾತಾಡಲಿಲ್ಲ.

ಈಗ ಅವಳು ಕಾಲೇಜಿಗೆ ಹೋಗುತ್ತಿದ್ದಾಳೆ. ಚಳಿಗಾಲದಲ್ಲಿ ಗೆಳತಿಯರೊಡನೆ ತಾನೇ ಬೆಟ್ಟಕ್ಕೆ ಹೋಗುತ್ತಾಳೆ. ಹಿಮಕುಸಿತದ ತರಬೇತಿಯನ್ನೂ ಪಡೆದಿದ್ದಾಳೆ. ಈ ಚಳಿಗಾಲದ ಒಂದು ಭಾನುವಾರ ರಾತ್ರಿ, ನಮಗೆ ಬೆಳಗಾದ ಹೊತ್ತಿನಲ್ಲಿ, ಫೋನು ಮಾಡಿದಳು. ಎಲ್ಲಿಗೆ ಹೋಗಿದ್ದೆ, ಏನೇನು ನೋಡಿದೆ ಎಂದು ನಾನು ವಿಚಾರಿಸಿದೆ. "ಹೆಚ್ಚೇನೂ ನೋಡಲಿಲ್ಲ ಅಜ್ಜಿ. ಗುಂಡಿ ತೋಡಿ ನೋಡಿದೆವು, ಪದರ ಸರಿಯಿರಲಿಲ್ಲ, ವಾಪಸು ಬಂದೆವು" ಎಂದಳು. ದನಿಯಲ್ಲಿ ಬೇಸರವಿರಲಿಲ್ಲ. ಆಮೇಲೆ ಊಟಕ್ಕೆ ಏನು ಮಾಡಿಕೊಂಡೆ ಎಂದು ಕೇಳಿದೆ. ತಿಳಿಸಾರಿನ ಅಳತೆಯನ್ನು ಬರೆದುಕೊಂಡಳು.